ಚಹಾಕ್ಕೆ ಮುಂಚೆ ಹತ್ತು ನಿಮಿಷ ಬೈಗುಳ

ನಿನ್ನೆ ಆಫೀಸಿನಲ್ಲಿ ನಮಗೆಲ್ಲ ಒಂದೊಂದು ಹಳದಿ ಚೆಂಡು ಕೊಟ್ಟರು. ಹಿಂಡಿದರೆ ಮನಸ್ಸು ಹಗುರವಾಗುತ್ತದಂತೆ. ವೆಲ್‌ನೆಸ್ ವಾರವೆಂದು ಅದಕ್ಕೆ ಹೆಸರು. ಸೂಟು ಹಾಕಿಕೊಂಡ ಒಬ್ಬರು ಬಂದು ನಮ್ಮಿಂದ ಒಂದು ಗಂಟೆ ಉಸಿರು ಎಳೆಸಿದರು, ಬಿಡಿಸಿದರು. ನಾನು ಎಳೆಯುವಾಗ ಬಿಟ್ಟು, ಬಿಡುವಾಗ ಎಳೆದು, ಕೊನೆಗೆ ಕೆಮ್ಮಿ ಸುಮ್ಮನಾದೆ. ಚೆಂಡನ್ನು ಮಾತ್ರ ಭದ್ರವಾಗಿ ಚೀಲಕ್ಕೆ ಸೇರಿಸಿಕೊಂಡೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜನವೇ ನಾವು?

ಅದು ಬೇಕಾಗಿದ್ದದ್ದು ನನಗಲ್ಲ, ಮಗಳು ಧೃತಿಗೆ. ಒಂಬತ್ತು ವರ್ಷದವಳು. ದುಬೈಯಿಂದ ಅಬುಧಾಬಿಯ ಈ ಖಲೀಫಾ ಸಿಟಿಗೆ ಮನೆ ಬದಲಾಯಿಸಿ ಎರಡು ತಿಂಗಳಾಯಿತು. ಅಷ್ಟೂ ದಿನ ಅವಳ ಬಾಯಿಂದ ಬಂದದ್ದು ಒಂದೇ ಮಾತು, "ಐ ಆಮ್ ಫೈನ್, ಅಮ್ಮಾ." ಹೊಸ ಶಾಲೆ? ಫೈನ್. ಊಟ? ಫೈನ್. ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಕೂರುತ್ತಾರೆ? ಅದಕ್ಕೆ ಮಾತ್ರ ಚೀಲ ಎತ್ತಿಕೊಂಡು ರೂಮಿಗೆ ಹೋಗಿಬಿಡುತ್ತಿದ್ದಳು. ಮೊದಲು ನನ್ನ ಕಿವಿ ತೂತಾಗುವಷ್ಟು ಹರಟುತ್ತಿದ್ದ ಹುಡುಗಿ ಅದು! ಮಗು ಒಳಗೊಳಗೇ ಏನೋ ನುಂಗುತ್ತಿದೆ ಎಂದು ನನಗೆ ಹೆದರಿಕೆಯಾಗಿತ್ತು.

ಚೆಂಡು ಕೊಟ್ಟೆ. ಒಮ್ಮೆ ಹಿಂಡಿದಳು, ಮೂಸಿದಳು, "ಇಟ್ ಸ್ಮೆಲ್ಸ್ ಲೈಕ್ ಅ ಟೈರ್" ಎಂದು ವಾಪಸು ಕೊಟ್ಟು ರೂಮಿಗೆ ಹೋದಳು. ನಾನೂ ಮೂಸಿ ನೋಡಿದೆ. ಅಯ್ಯೋ ದೇವರೇ, ಟೈರಲ್ಲ, ದುಬೈಯ ಅಲ್ ಬರ್ಷಾದಲ್ಲಿ ನಾನಿದ್ದ ಕಟ್ಟಡದ ಆ ಟೆರೇಸು!

ನಿಮಗೆ ಆ ವಾಸನೆ ಗೊತ್ತಿರಲಿಕ್ಕಿಲ್ಲ. ಏಸಿ ಪೈಪುಗಳಿಗೆ ಸುತ್ತಿದ ಕಪ್ಪು ರಬ್ಬರು ಆಗಸ್ಟಿನ ಬಿಸಿಲಿಗೆ ಬೆಂದಾಗ ಬರುವಂಥದ್ದು. ಮದುವೆಗೆ ಮುಂಚೆ, ಇಲ್ಲಿಗೆ ಬಂದ ಹೊಸತರಲ್ಲಿ, ಅದನ್ನು ದಿನಾ ಸಂಜೆ ಮೂಸಿದವಳು ನಾನು. ಆಗ ಒಂದು ಕಟ್ಟಡದ ಕಂಪನಿಯಲ್ಲಿ ನನಗೆ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ. ಹೆಸರು ಕೇಳಿದರೆ ಮಂತ್ರಿಗಿರಿ, ಮಾಡುವುದು ಬಂದ ನಕ್ಷೆಗಳಿಗೆಲ್ಲ ತಾರೀಕಿನ ಮುದ್ರೆ ಒತ್ತುವುದು. ಆರು ತಿಂಗಳ ಪ್ರೊಬೇಶನ್. ಅದರಲ್ಲಿ ಪಾಸಾಗದಿದ್ದರೆ ವೀಸಾ ಖಲಾಸ್, ಮಂಗಳೂರಿಗೆ ಟಿಕೆಟು. ನಮ್ಮ ಮ್ಯಾನೇಜರ್ ಬಾಯಿಂದ ಮಾತಾಡುತ್ತಿರಲಿಲ್ಲ, ಕೆಂಪು ಪೆನ್ನಿನಿಂದ ಮಾತಾಡುತ್ತಿದ್ದರು. ನಕ್ಷೆ ಯಾರೇ ತಡಮಾಡಿ ಕಳಿಸಲಿ, ಕೆಂಪು ಗೀಟು ನನ್ನ ಹೆಸರಿನ ಮುಂದೆ. ನಾನೋ, "ಸಾರಿ ಸರ್" ಎನ್ನುವುದರಲ್ಲಿ ಡಿಗ್ರಿ ಪಡೆದವಳು. ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಊರಿಂದ ಅಮ್ಮ ಫೋನು ಮಾಡಿದರೆ, "ಆರಾಮ ಅಮ್ಮಾ." ಮಗಳ ಫೈನ್ ಎಲ್ಲಿಂದ ಬಂತೆಂದು ಈಗ ನಿಮಗೆ ಗೊತ್ತಾಯಿತಲ್ಲ!

ನಾನು ಬೆಡ್‌ಸ್ಪೇಸಿಗಿದ್ದ, ಅಂದರೆ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು ಇದ್ದ ರೂಮಿನಲ್ಲಿ ಕೆಳಗಿನ ಮಂಚ ಗುಲಾಬಿಯಕ್ಕನದು, ಮೇಲಿನದು ನನ್ನದು. ಗುಲಾಬಿಯಕ್ಕ ಕಾಪು ಕಡೆಯವರು, ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಒಂದು ಸಂಜೆ ನಾನು ಬಾಗಿಲಿಗೆ ಬರುವುದನ್ನೇ ಕಾದಿದ್ದು ಹಿಡಿದುಕೊಂಡರು.

"ಎಂತ ಮಾರಾಯ್ತಿ, ನೀನು ಮೇಲೆ ಹೊರಳಿ ಹೊರಳಿ ನನ್ನ ನಿದ್ದೆಯೂ ಹಾಳು. ನಿಂಗೆ ಬೈಲಿಕ್ಕೆ ಬರ್ತದಾ?"

"ಯಾರಿಗೆ ಅಕ್ಕಾ?"

"ಯಾರಿಗಾದ್ರೂ. ಬಾ ಮೇಲೆ. ಚಾ ಮತ್ತೆ."

ಗುಲಾಬಿಯಕ್ಕನ ಸಂಜೆಗೆ ಒಂದು ಕ್ರಮವಿತ್ತು: ಮೊದಲು ಬಾಯಿ, ಆಮೇಲೆ ಕಾಲು, ಆಮೇಲೆ ತಲೆ, ಕಡೆಗೆ ಚಹಾ. ಬಾಯಿ ಎಂದರೆ ಟೆರೇಸಿನಲ್ಲಿ ಹತ್ತು ನಿಮಿಷ ಬೈಗುಳ. ಕಾಲು ಎಂದರೆ ಬೆಳಿಗ್ಗೆಯೇ ತುಂಬಿಸಿ ನೆರಳಿನಲ್ಲಿಟ್ಟ ಬಕೆಟಿನಲ್ಲಿ ಪಾದ ಅದ್ದುವುದು (ಇಲ್ಲಿನ ಬೇಸಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೇ ಅನ್ನ ಬೇಯಿಸಬಹುದು). ತಲೆ ಎಂದರೆ ನೆತ್ತಿಗೆ ನಾಲ್ಕು ಹನಿ ತೆಂಗಿನೆಣ್ಣೆ. ಚಹಾ ಕುಡಿಯುವಾಗ ಫೋನು ಮುಟ್ಟಿದರೆ ಕೈಗೆ ಚಮಚದ ಏಟು. ಟೆರೇಸಿನ ಕೀಲಿ ಇದ್ದದ್ದು ಕಟ್ಟಡದ ವಾಚ್‌ಮನ್ ಹಸನಬ್ಬರ ಬಳಿ. ಇಲ್ಲಿಯವರು ನಾತೂರ್ ಎನ್ನುತ್ತಾರೆ. ಅವರೂ ನಮ್ಮ ಊರ ಕಡೆಯ ಬ್ಯಾರಿ. ಗುಲಾಬಿಯಕ್ಕ ಮೇಲೆ ಒಣಗಿಸುವ ಸಂಡಿಗೆಯಲ್ಲಿ ಒಂದು ಪಾಲು ಕೊಟ್ಟರೆ ಕೀಲಿ ಸಿಗುತ್ತಿತ್ತು.

ಮೇಲೆ ಇಡೀ ಕಟ್ಟಡದ ಏಸಿ ಯಂತ್ರಗಳು ಸಾಲಾಗಿ ಗರಗರ ಎನ್ನುತ್ತಿದ್ದವು. ಪಕ್ಕದಲ್ಲಿ ನಿಂತವರ ಮಾತು ಪಕ್ಕದವರಿಗೇ ಕೇಳಿಸದು. ಗುಲಾಬಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರು ಮಾಡಿದರೆಂದರೆ ಬಸ್ಸಿನ ಡ್ರೈವರು, ಮಕ್ಕಳಿಗೆ ಚಾಕಲೇಟು ತಿನ್ನಿಸಿ ಕಳಿಸುವ ತಾಯಂದಿರು, ಸೀಟಿನ ಮೇಲೆ ವಾಂತಿ ಮಾಡಿದ ಆ ದಿನದ ಪುಣ್ಯಾತ್ಮ, ಎಲ್ಲರಿಗೂ ಸರದಿ ಪ್ರಕಾರ ಪೂಜೆ. ಕಡೆಯದು ಯಾವಾಗಲೂ ಗಂಡನಿಗೆ. ತೀರಿಹೋಗಿ ವರ್ಷಗಳಾದ ಗಂಡನಿಗೆ! "ಒಂದು ಮಾತು ಹೇಳದೆ ಹೋದೆಯಲ್ಲ, ಬೇವರ್ಸಿ" ಎಂದು ಯಂತ್ರದ ಮುಂದೆ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, "ಆಯ್ತು, ಈಗ ನೀನು" ಎನ್ನುತ್ತಿದ್ದರು.

ನಾನು ಮೊದಲ ದಿನ ಕೈಕಟ್ಟಿ ನಿಂತು, "ಸರ್, ನನ್ನ ತಪ್ಪಿಲ್ಲದಿರುವಾಗ ದಯವಿಟ್ಟು..." ಎಂದೆ.

ನನ್ನ ಬಾಯಿಗೆ ಕಿವಿಯಿಟ್ಟು ಕೇಳಿದ ಗುಲಾಬಿಯಕ್ಕ ನಕ್ಕು ನಕ್ಕು ನೀರಿನ ಟ್ಯಾಂಕಿಗೆ ಒರಗಿದರು. "ಇದೆಂತ ಬೈಗುಳವಾ, ರಜೆ ಅರ್ಜಿಯಾ?"

ನಾಲ್ಕು ವಾರ ಅಭ್ಯಾಸ ಮಾಡಿದೆ. "ನಿನ್ನ ಪೆನ್ನಿಗೆ ಬೆಂಕಿ ಬೀಳ" ಎನ್ನುವವರೆಗೆ ಮುಂದುವರಿದೆ, ಆದರೂ ಸ್ವರ ಗಂಟಲಲ್ಲೇ. ಅಷ್ಟರಲ್ಲಿ ಒಂದು ಗುರುವಾರ ಕಾಗದ ಬಂತು. ಭಾನುವಾರ (ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ) ನನ್ನ ಪ್ರೊಬೇಶನ್ನಿನ ತೀರ್ಮಾನ, ತಡವಾದ ನಕ್ಷೆಗಳಿಗೆಲ್ಲ ವಿವರಣೆ ಕೊಡಬೇಕು. ಊರಿಗೆ ಹೋಗಿ ಅಮ್ಮನ ಮುಖ ಹೇಗೆ ನೋಡಲಿ? ಆ ಸಂಜೆ ಟೆರೇಸು ಹತ್ತಿದವಳೇ ಕಣ್ಣು ಮುಚ್ಚಿ ಶುರು ಮಾಡಿದೆ ನೋಡಿ! ಕನ್ನಡ, ತುಳು, ನಡುನಡುವೆ ಹಿಂದಿ. "ನಿನ್ನ ಕೆಂಪು ಶಾಯಿ ಕಾಫಿಗೆ ಬೀಳ, ನಿನ್ನ ಕುರ್ಚಿಯ ಚಕ್ರ ಕಳಚಿ ಹೋಗ, ನಿನ್ನ ನಕ್ಷೆಗಳನ್ನೆಲ್ಲ ಒಂಟೆ ತಿಂದು ಹೋಗ, ಸಾರಿ ಅಂತೆ ಸಾರಿ, ಯಾರಿಗೋ ಸಾರಿ!" ಗುಲಾಬಿಯಕ್ಕ ನನ್ನ ತೋಳು ಜಗ್ಗುತ್ತಿದ್ದರು. ಹುರಿದುಂಬಿಸುತ್ತಿದ್ದಾರೆಂದು ತಿಳಿದು ಇನ್ನೂ ಗಟ್ಟಿಯಾಗಿ ಕಿರುಚಿದೆ.

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೇ ತಿಳಿದದ್ದು, ಯಂತ್ರಗಳು ಒಂದೂ ಓಡುತ್ತಿರಲಿಲ್ಲ. ಕರೆಂಟು ಯಾವಾಗಲೋ ಹೋಗಿತ್ತು. ಏಸಿ ನಿಂತ ಸೆಕೆಗೆ ಇಡೀ ಕಟ್ಟಡ ಬಾಲ್ಕನಿಗೆ ಬಂದು ನಿಂತಿತ್ತು. ದುಬೈಯಲ್ಲಿ ನಮ್ಮ ಭಾಷೆ ಯಾರಿಗೆ ಅರ್ಥವಾಗುತ್ತದೆ ಎಂದು ನಮ್ಮ ಊರಿನವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ನಮ್ಮ ಜನ ಇಲ್ಲದ ಮಹಡಿ ಅಲ್ಲಿ ಯಾವುದಿತ್ತು? ಅಷ್ಟರಲ್ಲಿ ಕೆಳಗಿಂದ ಒಂದು ಗಂಡಸಿನ ಸ್ವರ, ತುಳುವಿನಲ್ಲಿ, "ಅಕ್ಕಾ, ನನೊಂಜಿ ಪನ್ಲೆ!" ಇನ್ನೊಂದು ಹೇಳಿ, ಎಂದು! ಮೇಲಿಂದ ಕೆಳಗಿನವರೆಗೆ ಚಪ್ಪಾಳೆ. ನಾನು ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನಾಚಿಕೆಗೆ ಅಳಬೇಕೆಂದು ಹೊರಟು, ನಗತೊಡಗಿದೆ. ಹೊಟ್ಟೆ ಹುಣ್ಣಾಗುವ ನಗು, ತಿಂಗಳುಗಳ ಮೇಲೆ ಬಂದದ್ದು. ಅಂದು ಮೂರು ತಟ್ಟೆ ಗಂಜಿ ಉಂಡು ಮಲಗಿದವಳು ಮರುದಿನ ಹತ್ತಕ್ಕೆ ಎದ್ದೆ.

ಭಾನುವಾರ ಮ್ಯಾನೇಜರ್ ಎದುರು ಕೂತಾಗ ಬೈಯಲು ಒಳಗೆ ಏನೂ ಉಳಿದಿರಲಿಲ್ಲ. ಹಾಗಾಗಿ ಹೇಳಬೇಕಾದದ್ದು ಸಲೀಸಾಗಿ ಬಂತು. "ಸರ್, ಮುದ್ರೆಯ ತಾರೀಕು ನೋಡಿ. ನಕ್ಷೆ ನನ್ನ ಮೇಜಿಗೆ ಬಂದದ್ದೇ ತಡವಾಗಿ." ಅವರು ನೋಡಿದರು, ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಕೆಲಸ ಉಳಿಯಿತು. ಹಸನಬ್ಬ ಮಾತ್ರ ಆಮೇಲೆ ಕೀಲಿ ಕೊಡುವಾಗೆಲ್ಲ, "ಇವತ್ತು ಎಷ್ಟು ಗಂಟೆಗೆ ಅಕ್ಕಾ? ಜನ ಕೇಳ್ತಾ ಇದ್ದಾರೆ" ಎನ್ನುತ್ತಿದ್ದರು. ಗುಲಾಬಿಯಕ್ಕ ಈಗ ಕಾಪುವಿನಲ್ಲಿ ಸೊಸೆಯ ಜೊತೆ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಬೈಯಲು ಅಲ್ಲಿ ಸಮುದ್ರವಿದೆ.

ಇಷ್ಟೆಲ್ಲ ನೆನಪಾದ ಮೇಲೆ ಹಳದಿ ಚೆಂಡು ಕೈಯಲ್ಲಿ ಹಿಡಿದು ಕೂರಲಾದೀತೇ? ಧೃತಿಯನ್ನು ರೂಮಿನಿಂದ ಎಬ್ಬಿಸಿಕೊಂಡು ಮನೆಯ ಹಿಂದಿನ ಓಣಿಗೆ ಹೋದೆ. ಅಲ್ಲಿ ಗೋಡೆಗೆ ತಾಗಿ ನಮ್ಮ ಏಸಿಯ ಯಂತ್ರ ಗರಗರ ಎನ್ನುತ್ತಿತ್ತು. ಅವಳಿಗೆ ನಂಬಿಕೆ ಬರಲೆಂದು ಮೊದಲು ನಾನೇ ವೆಲ್‌ನೆಸ್ ವಾರಕ್ಕೆ ನಾಲ್ಕು ಬಾರಿಸಿದೆ. "ಅಮ್ಮಾ, ಆರ್ ಯು ಓಕೆ?" ಎಂದಳು. "ಯಲ್ಲಾ, ಬೇಗ, ಈಗ ನೀನು" ಎಂದು ನಾಲ್ಕು ಹೆಜ್ಜೆ ದೂರ ಹೋಗಿ ಗೋಡೆ ಕಡೆ ತಿರುಗಿ ನಿಂತೆ.

ಮೊದಲು "ಎಕ್ಸ್‌ಕ್ಯೂಸ್ ಮಿ" ಎಂದು ಯಂತ್ರಕ್ಕೆ ಹೇಳಿದ್ದು ಕೇಳಿಸಿತು. ರಜೆ ಅರ್ಜಿ! ಆಮೇಲಿನ ಮಾತು ಯಂತ್ರದ ಗರಗರದಲ್ಲಿ ಮುಳುಗಿತು, ಓರೆಗಣ್ಣಿನಲ್ಲಿ ಕೈ ಬೀಸುವುದು ಮಾತ್ರ ಕಂಡಿತು, ಆಮೇಲೆ ನೆಲಕ್ಕೆ ಕಾಲು ಅಪ್ಪಳಿಸುವುದು. ಮನೆ ತಣ್ಣಗಾಯಿತೋ ಏನೋ, ಯಂತ್ರ ಟಕ್ಕೆಂದು ನಿಂತಿತು. ಅವಳು ನಿಲ್ಲಲಿಲ್ಲ.

"...ಬಸ್ಸಲ್ಲಿ ನೋಬಡಿ ಸಿಟ್ಸ್ ವಿತ್ ಮಿ! ಅಮ್ಮ ನನ್ನ ಹತ್ರ ಕೇಳ್ಲೇ ಇಲ್ಲ! ಒಂದ್ಸಲನೂ ಕೇಳ್ಲಿಲ್ಲ, ಸುಮ್ನೆ ಪ್ಯಾಕ್ ಮಾಡಿದ್ರು!"

ಧೃತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹೌದಲ್ಲ, ಕೇಳಿರಲಿಲ್ಲ. ಎದೆಗೆ ನೇರ ಬಂದು ತಾಗಿತು. ಆದರೂ ಎರಡು ತಿಂಗಳ ಮೇಲೆ ಮಗಳ ಸ್ವರ ಕೇಳಿದ ಖುಷಿಗೆ ನನಗೆ ಕುಣಿಯಬೇಕೆನಿಸಿತು. ಚಪ್ಪಾಳೆ ತಟ್ಟಿ, "ನನೊಂಜಿ ಪನ್ಲ" ಎಂದೆ.

ಅವಳು ಕೈ ಇಳಿಸಿದಳು. ಇನ್ನೊಂದು ಹೇಳಿದಳು. ಅದೂ ನನಗೇ.