ಖಾಲಿ ಬಂದ ಚೀಲ

ನಿನ್ನೆ ಮೇಲಿನ ಮನೆಯ ಹುಡುಗಿ ನನ್ನ ಸ್ಟೀಲ್ ಡಬ್ಬಿ ವಾಪಸ್ ತಂದುಕೊಟ್ಟಳು. ಹೋದ ವಾರ ಅದರ ತುಂಬ ಕೋಡುಬಳೆ ಹಾಕಿ ಕೊಟ್ಟಿದ್ದೆ. ಪಾಪ, ಚೆನ್ನಾಗಿ ತೊಳೆದು, ಒರೆಸಿ, ಮುಖ ಕಾಣುವ ಹಾಗೆ ಮಾಡಿದ್ದಳು. "ಥ್ಯಾಂಕ್ಸ್ ಆಂಟಿ" ಅಂದು ಮೆಟ್ಟಿಲು ಹತ್ತಿ ಓಡಿದಳು. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಒಂದು ಚಿಟಿಕೆ ಸಕ್ಕರೆಯೂ ಇಲ್ಲ. ಮುಚ್ಚಳ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೇ ಕೂತುಬಿಟ್ಟೆ. ಡಬ್ಬಿ ಖಾಲಿ ಬಂದರೆ ಇವಳಿಗೇನು ಬಂತು ರೋಗ ಅನ್ನಬೇಡಿ, ಸ್ವಲ್ಪ ಕೇಳಿ.

ನಮ್ಮ ಕಡೆ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಇಲ್ಲ, ನಿಮಗೂ ಗೊತ್ತಿರುತ್ತೆ. ಪಕ್ಕದ ಮನೆಯಿಂದ ಹುಳಿ ಬಂದ ಬಟ್ಟಲು ವಾಪಸ್ ಹೋಗುವಾಗ ಒಂದು ಅಚ್ಚು ಬೆಲ್ಲವನ್ನಾದರೂ ಹೊತ್ತುಕೊಂಡು ಹೋಗಬೇಕು. ಈ ವಿಷಯದಲ್ಲಿ ನನ್ನ ಅತ್ತಿಗೆ ಸಾವಿತ್ರಮ್ಮ ಬಲು ಖಡಕ್ಕು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ ನನ್ನ ತವರು. ಅಣ್ಣ, ಅತ್ತಿಗೆ ಅಲ್ಲೇ ಇದ್ದಾರೆ, ಒಂದಿಷ್ಟು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ನೋಡಿಕೊಂಡು. ಅತ್ತಿಗೆಯ ಕೈಗೆ ಸಿಕ್ಕಿದ ಯಾವ ಚೀಲವೂ ಆ ಮನೆಯಿಂದ ಬರಿದಾಗಿ ಹೊರಟಿದ್ದಿಲ್ಲ. ಒಂದೇ ಒಂದು ಸಲ ಹೊರಟಿತು. ಆ ಒಂದು ಸಲದ ಕಥೆಯನ್ನು ನಾನು ಈವರೆಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಲ್ಲಿ ಸತ್ಯಮಂಗಲದ ಕಡೆಯ ಒಂದು ಹೊಸ ಬಡಾವಣೆಯಲ್ಲಿ ನಮ್ಮ ಮನೆ. ನಾನು ಸರ್ಕಾರಿ ಆಫೀಸೊಂದರಲ್ಲಿ ಗುಮಾಸ್ತೆ. ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ, ನಾನು ಕೂತಲ್ಲಿ ಕೂರುವವಳಲ್ಲ. ಬೇರೆಯವರ ಮನೆಗೆ ಹೋದರೂ ಗೋಡೆ ಮೇಲೆ ಓರೆಯಾದ ಫೋಟೋ ಕಂಡರೆ ಎದ್ದು ನೇರ ಮಾಡಿ ಬರುವ ಪೈಕಿ. "ನಿನ್ನ ಕಾಲಿಗೆ ಚಕ್ರ ಕಟ್ಟಿದಾರೆ ಕಣೇ, ಬಾಯಿಗೆ ಬ್ರೇಕ್ ಕಟ್ಟೋದು ಮರ್ತಿದಾರೆ" ಅಂತ ನಮ್ಮ ಯಜಮಾನರು ಆಗಾಗ ಅನ್ನುತ್ತಿದ್ದರು. ಅನ್ನಲಿ ಬಿಡಿ, ಅವರು ಈಸಿಚೇರಿನಿಂದ ಎದ್ದಿದ್ದನ್ನು ನಾನು ಕಂಡಿದ್ದು ಕಡಿಮೆ.

ನಮ್ಮ ಬೀದಿ ಮೂಲೆಯಲ್ಲಿ ಒಂದು ಖಾಲಿ ಸೈಟು. ಯಾರದೋ ಏನೋ. ಕಸದ ಟ್ರ್ಯಾಕ್ಟರ್ ಆಗಿನ್ನೂ ಹೊಸ ಬಡಾವಣೆಯವರೆಗೆ ಬರುತ್ತಿರಲಿಲ್ಲವಾಗಿ, ಬೀದಿಯ ಕಸವೆಲ್ಲ ಆ ಸೈಟಿಗೆ. ಬೆಳಗ್ಗೆ ಆಫೀಸಿಗೆ ಹೊರಟರೆ ಮೂಗಿಗೆ ಸೆರಗು ಹಿಡಿದೇ ದಾಟಬೇಕು. ಹಂದಿಗಳು ಮಾತ್ರ ಆರಾಮಾಗಿದ್ದವು. ಒಂದು ಭಾನುವಾರ ತಡೆಯಲಾರದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ಹಿಡಿದು ಹೋಗಿ ಗುಡಿಸಲು ಶುರು ಮಾಡಿದೆ. ಜನ ಕಾಂಪೌಂಡಿನಿಂದ ಕತ್ತು ಚಾಚಿ ನೋಡಿದರು. ಸರ್ವೆ ಇಲಾಖೆಯಿಂದ ರಿಟೈರ್ ಆದ ಎದುರುಮನೆ ಪರಮೇಶಣ್ಣನಿಗೆ ಮಾತ್ರ ನೋಡುತ್ತಾ ನಿಲ್ಲಲಾಗಲಿಲ್ಲ. ಹಾರೆ ಹಿಡಿದು ಬಂದರು. ತಿಂಗಳಾಗುವುದರೊಳಗೆ ನಾವು ಒಂಬತ್ತು ಜನ ಆದೆವು. ಸಂಘಕ್ಕೆ ಹೆಸರಿರಲಿಲ್ಲ, ಭಾನುವಾರ ಬೆಳಗ್ಗೆ ಆರಕ್ಕೆ ಬರಬೇಕು ಅನ್ನೋದೊಂದೇ ನಿಯಮ. ಸೈಟಿನ ಅಂಚಿಗೆ ಹೊಂಗೆ, ಬೇವು ನೆಟ್ಟೆವು. ಪರಮೇಶಣ್ಣ ಟೇಪು ಹಿಡಿದು ಅಳತೆ ಮಾಡಿದ ಗುಂಡಿಗಳು ನೋಡಿ, ಒಂದಿಂಚು ಆಚೀಚೆ ಇಲ್ಲ.

ಆದರೆ ಗುಡಿಸಿದ ಕಸವನ್ನು ಹಾಕುವುದೆಲ್ಲಿ? ಸುಟ್ಟರೆ ಹೊಗೆ, ಬಿಟ್ಟರೆ ನಾತ. ಆಗ ಹೊಳೆಯಿತು ನನಗೆ. ನಮ್ಮೂರಿನ ರಂಗಸ್ವಾಮಿ ಭಾನುವಾರ ಭಾನುವಾರ ಟೆಂಪೋದಲ್ಲಿ ತುಮಕೂರಿಗೆ ಎಳನೀರು ತರುತ್ತಾನೆ, ಮಧ್ಯಾಹ್ನ ಖಾಲಿ ಗಾಡಿ ಹೊಡೆದುಕೊಂಡು ವಾಪಸ್ ಹೋಗುತ್ತಾನೆ. ಪೇಟೆಯ ಸೊಪ್ಪುಸದೆ, ಸಿಪ್ಪೆ, ತೊಪ್ಪೆ ಎಲ್ಲ ತೋಟಕ್ಕೆ ಗೊಬ್ಬರ ತಾನೇ? ಅಣ್ಣನ ಗೊಬ್ಬರದ ಗುಂಡಿ ಇಷ್ಟು ದೊಡ್ಡದಿದೆ! ಹಿಂದುಮುಂದು ನೋಡದೆ ಹತ್ತು ಗೋಣಿಚೀಲ ತುಂಬಿ, ಬಾಯಿ ಹೊಲಿದು, ಟೆಂಪೋಗೆ ಹೇರಿಸಿಬಿಟ್ಟೆ. "ಅಕ್ಕಾವ್ರೇ, ಕೇಳಿದ್ರಾ ಅಣ್ಣಾವ್ರನ್ನ?" ಅಂದ ರಂಗಸ್ವಾಮಿ. "ನಮ್ಮ ತವರಿಗೆ ಏನಾದ್ರೂ ಕಳ್ಸೋಕೆ ನಾನು ಯಾರನ್ನ ಕೇಳ್ಬೇಕೋ?" ಅಂತ ಗದರಿದೆ.

ಮುಂದಿನ ಭಾನುವಾರ ಚೀಲಗಳು ವಾಪಸ್ ಬಂದವು. ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಕಳಿಸಿದ್ದರು ಅತ್ತಿಗೆ. ಮೇಲಿನ ಒಂದು ಚೀಲದಲ್ಲಿ ಆರು ತೆಂಗಿನಕಾಯಿ, ಹಿಡಿ ಕರಿಬೇವು, ಒಂದು ಸೇರು ಹಲಸಂದೆ. ಅದರ ಮುಂದಿನ ವಾರ ಅವರೆಕಾಯಿ. ಆಮೇಲೆ ನಿಂಬೆಹಣ್ಣು. ನಾನಂತೂ ಉಬ್ಬಿಹೋದೆ. "ಕಸ ಕೊಟ್ಟು ಕಾಯಿ ತರಿಸ್ತಿದೀನಿ, ನೋಡ್ಕೊಳಿ" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದೆ. ಅವರೆಕಾಯಿಯನ್ನು ಒಂಬತ್ತು ಮನೆಗೂ ಹಂಚಿದೆ. ನಮ್ಮ ಮೂಲೆ ಫಳಫಳ ಅನ್ನತೊಡಗಿತು. ಹಂದಿಗಳು ಬೇರೆ ಬಡಾವಣೆ ಹುಡುಕಿಕೊಂಡವು.

ಹೀಗೆ ಐದಾರು ತಿಂಗಳು. ಯಾವುದೋ ಹಬ್ಬದ ರಜೆ ಬಂತೆಂದು ಒಂದು ಸೋಮವಾರ ಊರಿಗೆ ಹೋದೆ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವನಿಗೆ ವಿಶ್ರಾಂತಿ. ಊರೆಲ್ಲ ಆರಾಮಾಗಿರುವ ದಿನ. ಹಿತ್ತಲಿನಿಂದ ಒಳಗೆ ಹೋಗುವಾಗ ಬೇಲಿ ಮೇಲೆ ಬಟ್ಟೆ ಒಣಗುತ್ತಿದ್ದಂತೆ ಕಂಡಿತು, ಎಷ್ಟೊಂದು ಬಣ್ಣ! ಹತ್ತಿರ ಹೋದೆ. ಬಟ್ಟೆಯಲ್ಲ. ಪ್ಲಾಸ್ಟಿಕ್ ಕವರುಗಳು. ಹಾಲಿನ ಪ್ಯಾಕೆಟ್ಟು, ಎಣ್ಣೆ ಪ್ಯಾಕೆಟ್ಟು, ಬೇಕರಿ ಕವರು, ಒಂದೊಂದನ್ನೂ ತೊಳೆದು ಮುಳ್ಳಿಗೆ ಸಿಕ್ಕಿಸಿದ್ದರು. ಗುಂಡಿಯ ಪಕ್ಕ ಒಂದು ಮಂಕರಿಯಲ್ಲಿ ಒಡೆದ ಬಲ್ಬು, ಬ್ಲೇಡು, ಔಷಧಿ ಬಾಟಲಿ. ಬೇಲಿಯ ಕೊನೆಯಲ್ಲಿ ಒಂದು ಗುಲಾಬಿ ಬಣ್ಣದ ಕವರು ಗಾಳಿಗೆ ಉಬ್ಬುತ್ತಿತ್ತು. ಅದರ ಮೇಲಿನ ಸೀರೆ ಅಂಗಡಿಯ ಹೆಸರು ಓದಿದೆ. ನನ್ನದೇ. ಆ ಸೀರೆಯನ್ನೇ ಆವತ್ತು ಉಟ್ಟುಕೊಂಡು ಹೋಗಿದ್ದೆ.

ಅಂದರೆ ನಾನು ಕಳಿಸಿದ್ದು ಗೊಬ್ಬರವಲ್ಲ. ಎಲ್ಲರೂ ವಿಶ್ರಾಂತಿ ತಗೊಳ್ಳುವ ಸೋಮವಾರ ನನ್ನ ಅತ್ತಿಗೆ ಕೂತು, ಬರಿಗೈಯಲ್ಲಿ, ತುಮಕೂರಿನ ಕಸವನ್ನು ಅಕ್ಕಿ ಆರಿಸಿದ ಹಾಗೆ ಆರಿಸುತ್ತಿದ್ದರು. ಬೇರೆ ಬೇರೆ ಮಾಡಿ ಹಾಕಿ ಅಂತ ಬೀದಿಯಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ. ಹೇಳೋದು ಹಾಗಿರಲಿ, ನನಗೇ ಹೊಳೆದಿರಲಿಲ್ಲ.

ಆಗಲೇ ಒಳಗೆ ಹೋಗಿ ಕೇಳಬೇಕಿತ್ತು, ಅಲ್ಲವೇ? ನಾನು ಕೇಳಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತೆ. ಅತ್ತಿಗೆ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಯಾಕೆ ಸುಮ್ಮನಿದ್ದೆ ಅಂತ ಹೇಳುತ್ತೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಮೂರು ವಾರಕ್ಕೆ ನಮ್ಮ ಮೂಲೆಯಲ್ಲಿ ಫಂಕ್ಷನ್ ನಿಗದಿಯಾಗಿತ್ತು. ದೊಡ್ಡ ಅಧಿಕಾರಿಯೊಬ್ಬರು ಬಂದು ಸಸಿ ನೆಟ್ಟು ನಮಗೆಲ್ಲ ಶಾಲು ಹೊದಿಸುವವರಿದ್ದರು. ಚೀಲ ನಿಲ್ಲಿಸಿದರೆ ಕಸ ನಿಲ್ಲುತ್ತಾ? ಎರಡೇ ವಾರದಲ್ಲಿ ಮೂಲೆ ಮತ್ತೆ ತಿಪ್ಪೆ. ಫಂಕ್ಷನ್ ಒಂದು ಆಗಿಬಿಡಲಿ, ಆಮೇಲೆ ನಿಲ್ಲಿಸಿದರಾಯಿತು ಅಂದುಕೊಂಡೆ. ಅಂದುಕೊಂಡು ಬಸ್ಸು ಹತ್ತಿದೆ. ಆ ಭಾನುವಾರ ಹತ್ತು ಚೀಲ ಕಳಿಸಿದೆ. ಅದರ ಮುಂದಿನ ಭಾನುವಾರವೂ ಕಳಿಸಿದೆ.

ಫಂಕ್ಷನ್ ದಿನ ಬೆಳಗ್ಗೆ ಶಾಮಿಯಾನ ಏಳುತ್ತಿತ್ತು. ರಂಗಸ್ವಾಮಿಯ ಟೆಂಪೋ ಬಂತು. ಚೀಲಗಳ ಕಟ್ಟು ಇಳಿಸಿಕೊಂಡೆ. ಹಗುರ. ತೊಳೆದಿರಲಿಲ್ಲ, ಮಡಿಸಿರಲಿಲ್ಲ. ಮೇಲಿನ ಚೀಲದೊಳಗೆ ಕೈ ಹಾಕಿ ತಳದವರೆಗೆ ತಡಕಾಡಿದೆ. ಏನೂ ಇಲ್ಲ.

"ಅತ್ತಿಗೆಯವ್ರು ಗುಬ್ಬಿ ಆಸ್ಪತ್ರೇಲವ್ರೆ ಅಕ್ಕಾವ್ರೇ" ಅಂದ ರಂಗಸ್ವಾಮಿ, ನನ್ನ ಮುಖ ನೋಡದೆ. "ಹೋದ ಸೋಮವಾರ ಕೈಗೆ ಟ್ಯೂಬ್‌ಲೈಟ್ ಗಾಜು ಹೊಡೀತು. ಅರಿಶಿನ ಮೆತ್ಕೊಂಡು ಸುಮ್ನಿದ್ರು. ಈಗ ಮೊಣಕೈ ಗಂಟ ಊದ್ಕೊಂಡೈತೆ."

ಆ ಟ್ಯೂಬ್‌ಲೈಟ್ ನಮ್ಮ ಮನೆಯದೇ ಇರಬಹುದು, ಇಲ್ಲದೆಯೂ ಇರಬಹುದು. ಹಿಂದಿನ ವಾರ ನಮ್ಮ ನಡುಮನೆಯ ಟ್ಯೂಬ್‌ಲೈಟ್ ಬದಲಾಯಿಸಿದ್ದು ಮಾತ್ರ ನಿಜ.

ನಾನು ತಕ್ಷಣ ಹೊರಟೆ ಅಂತ ಬರೆಯಲು ಕೈ ತುರಿಸುತ್ತಿದೆ. ಹೊರಡಲಿಲ್ಲ. ಅರ್ಧ ಗಂಟೆಯ ಕೆಲಸ ತಾನೇ, ಶಾಲು ಹೊದಿಸಿಕೊಂಡು ಹೋದರಾಯಿತು ಅಂತ ನಿಂತೆ. ಅಧಿಕಾರಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಭಾಷಣ ಅದರ ಮೇಲೆ. ವೇದಿಕೆ ಮೇಲೆ ಕೂತು ಕುರ್ಚಿಯ ತುದಿಯಲ್ಲಿ ಒದ್ದಾಡಿದೆ. ನನ್ನ ಹೆಸರು ಕೂಗಿದಾಗ ಎದ್ದು, ಹಲ್ಲು ಕಿರಿದು, ಫೋಟೋಗೆ ನಿಂತೆ. ಆ ಫೋಟೋ ಈಗಲೂ ಇದೆ. ನಗು ಎಷ್ಟು ಚೆನ್ನಾಗಿ ಬಂದಿದೆ ಅಂದರೆ ನೋಡಿದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ.

ಗುಬ್ಬಿಗೆ ಹೋಗಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಅತ್ತಿಗೆಯ ಬಲಗೈ ದಿಂಬಿನ ಮೇಲಿತ್ತು, ಅಷ್ಟು ದಪ್ಪ ಬ್ಯಾಂಡೇಜು. ಕೀವು ತೆಗೆಯಲು ಕುಯ್ದಿದ್ದರು. ಅಣ್ಣ ಬಾಗಿಲ ಹತ್ತಿರ ನಿಂತಿದ್ದ. ಜನ್ಮದಲ್ಲಿ ನನ್ನ ಮೇಲೆ ದನಿ ಎತ್ತದವನು, ಆವತ್ತೂ ಎತ್ತಲಿಲ್ಲ. "ಕ್ಲೀನ್ ಆಯ್ತೇನಮ್ಮ ನಿಮ್ಮೂರು?" ಅಂದ ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಯಾಕತ್ತಿಗೆ, ಒಂದ್ ಮಾತು ಹೇಳಿದ್ರೆ ನಿಲ್ಲಿಸ್ತಿರ್ಲಿಲ್ವಾ?" ಅಂತ ನಾನು ಅವರ ಮೇಲೆಯೇ ರೇಗಿದೆ. ನನ್ನ ನಾಲಿಗೆ ನೋಡಿ!

"ಮನೆ ಹೆಣ್ಮಗಳು ಕಳ್ಸಿದ್ದನ್ನ ಬ್ಯಾಡ ಅನ್ನಕ್ಕಾಯ್ತದೇನೇ?" ಅಂದರು ಅತ್ತಿಗೆ. "ಆ ಕವರೆಲ್ಲ ತೊಳ್ದು ಎರಡು ಮೂಟೆ ಕಟ್ಟಿ ಅಟ್ಟದ ಮೇಲೆ ಇಟ್ಟಿವ್ನಿ. ಏನ್ ಮಾಡ್ಲಿ ಹೇಳು. ನಿಮಗೆ ಬ್ಯಾಡಾದ್ರೆ ನಮ್ಮೂರಿಗೆ ಕಳಿಸ್ತೀರಿ. ನಾವು ಯಾವೂರಿಗೆ ಕಳ್ಸಾನ?"

ಆ ಎರಡು ಮೂಟೆಗಳನ್ನು ನಾನೇ ಬಸ್ಸಿನಲ್ಲಿ ತುಮಕೂರಿಗೆ ತಂದೆ. ಕಂಡಕ್ಟರ್ ಕೇಳಿದ, "ಏನಮ್ಮಾ ಇದು, ಹತ್ತೀನಾ?" "ನಮ್ಮ ಬೀದಿ" ಅಂದೆ. ಅವನಿಗೇನು ಅರ್ಥವಾಯಿತೋ.

ಅಲ್ಲಿಂದ ಮುಂದೆ ನಾನು ಬೀದಿಗೆ ತಲೆನೋವಾದೆ. ಮನೆಮನೆಗೆ ಹೋಗಿ, ಎರಡು ಬಕೆಟ್ ಇಡಿ, ಹಸಿ ಕಸ ಒಂದರಲ್ಲಿ, ಗಾಜು ಪ್ಲಾಸ್ಟಿಕ್ ಇನ್ನೊಂದರಲ್ಲಿ ಅಂತ ಜೀವ ತಿಂದೆ. ಬಕೆಟ್ಟಿಗೆ ಕೈ ಹಾಕಿ ತೆಗೆದು ತೋರಿಸುತ್ತಿದ್ದೆ. ಜನಕ್ಕೆ ಅಸಹ್ಯವಾಯಿತು. "ನಮ್ಮನೆ ಕಸ ನೋಡೋಕೆ ಇವಳ್ಯಾರು?" ಅಂದರು. ಸೈಟಿನಲ್ಲೇ ಗುಂಡಿ ತೋಡಿ ಗೊಬ್ಬರ ಮಾಡಿದೆವು, ವಾಸನೆ ಅಂತ ಜಗಳವಾಯಿತು. ಒಂಬತ್ತು ಜನ ಐವರಾದರು, ಐವರು ಇಬ್ಬರಾದೆವು. ಪರಮೇಶಣ್ಣ ಒಂದು ದಿನ ಹೇಳಿದರು: "ಅಮ್ಮಾ, ಕಸ ಗುಡಿಸೋಣ ಬನ್ನಿ ಅಂದ್ರೆ ಜನ ಬರ್ತಾರೆ. ನಿಮ್ಮ ಕಸ ನೀವು ನೋಡ್ಕೊಳ್ಳಿ ಅಂದ್ರೆ ಬರಲ್ಲ." ಅವರು ಇರುವವರೆಗೆ ನಾವಿಬ್ಬರೂ ಬಿಡಲಿಲ್ಲ. ಎರಡು ಸಾವಿರದ ಆರೋ ಏಳೋ, ಸೈಟಿನ ಯಜಮಾನ ಪ್ರತ್ಯಕ್ಷನಾಗಿ ಮನೆ ಎಬ್ಬಿಸಿದ. ಹೊಂಗೆ, ಬೇವು ಎಲ್ಲ ಹೋದವು. ಅಧಿಕಾರಿಗಳು ನೆಟ್ಟ ಸಸಿ ಜಾಗದಲ್ಲಿ ಈಗ ಕಾರು ನಿಲ್ಲುತ್ತೆ.

ಅತ್ತಿಗೆಯ ಬಲಗೈ ತೋರುಬೆರಳು ಮಾತ್ರ ಆವತ್ತಿನಿಂದ ಮಡಚುವುದಿಲ್ಲ. ಹಾಲು ಕರೆಯುವುದನ್ನು ಬಿಟ್ಟರು. ಅಣ್ಣ ಕರೆಯಲು ಕೂತರೆ ಹಸು ಸೊರ ಬಿಟ್ಟು ಹಾಲು ಇಳಿಸುವುದಿಲ್ಲ ಅಂತ ಇಬ್ಬರೂ ನಗುತ್ತಾ ಹೇಳುತ್ತಾರೆ. ಮುದ್ದೆ ಕಟ್ಟುವಾಗ ಆ ಬೆರಳೊಂದು ನೆಟ್ಟಗೆ ಆಚೆ ನಿಂತಿರುತ್ತೆ. ನಾನು ಪ್ರತಿ ಸಲವೂ ತಟ್ಟೆ ನೋಡುತ್ತಾ ಕೂರುತ್ತೇನೆ. ಬೇಲಿಯ ಮೇಲೆ ಕವರುಗಳನ್ನು ಕಂಡೂ ಎರಡು ವಾರ ಚೀಲ ಕಳಿಸಿದೆ ಅನ್ನುವ ಮಾತು ಗಂಟಲಿಗೆ ಬರುತ್ತೆ, ನುಂಗುತ್ತೇನೆ. ಇಪ್ಪತ್ತು ವರ್ಷದ ಮೇಲಾಯಿತು ನುಂಗುತ್ತಾ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮನೆಯೊಳಗೆ ನಾಲ್ಕು ಸುತ್ತು ಹಾಕಿದೆ. ನಿಮಗೆ ಹೇಳಿದ್ದನ್ನು ಅವರಿಗೆ ಹೇಳಲಾರೆನಾ? ಫೋನ್ ಮಾಡಿಬಿಟ್ಟೆ.

"ಅತ್ತಿಗೆ, ಆವತ್ತು ಸೋಮವಾರ ಬೇಲಿ ಮೇಲೆ ಎಲ್ಲ ನೋಡಿದ್ದೆ ನಾನು. ನಿಮ್ಮ ಕೈಗೆ ಗಾಜು ಹೊಡೆಯೋಕೆ ಮುಂಚೇನೆ. ಫಂಕ್ಷನ್ ಆಗ್ಲಿ ಅಂತ ಬಾಯಿ ಮುಚ್ಕೊಂಡು ಚೀಲ ಕಳಿಸ್ದೆ."



"ಗೊತ್ತು ಕಣೇ" ಅಂದರು.

"ಏನ್ ಗೊತ್ತು?"

"ನೀನು ಬೇಲಿ ಹತ್ರ ನಿಂತಿದ್ದು. ಅಡುಗೆಮನೆ ಕಿಟಕೀಲಿ ನೋಡ್ತಿದ್ದೆ. ಈಗ ಬಂದು ಕೇಳ್ತಾಳೆ, ಈಗ ಕೇಳ್ತಾಳೆ ಅಂತ ಹಿಟ್ಟು ತಿರುವ್ತಾ ಇದ್ದೆ. ನೀನು ಬಂದು ಕೂತ್ಕೊಂಡು, ಸಾರು ಚೆನ್ನಾಗೈತೆ ಅತ್ತಿಗೆ ಅಂದೆ."

"ಅಯ್ಯೋ! ಮತ್ತೆ ನೀವಾದ್ರೂ ಯಾಕೆ ಒಂದ್ ಮಾತು ಅನ್ಲಿಲ್ಲ?"

"ಕಣ್ಣಾರ ಕಂಡೋರಿಗೆ ಇನ್ನೇನೇ ಹೇಳೋದು?"

ನನಗೆ ಅಳು ಬಂತು. ಜೋರಾಗಿಯೇ ಅತ್ತೆ. ಈಸಿಚೇರಿನಲ್ಲಿದ್ದ ಯಜಮಾನರು ಗಾಬರಿಯಾಗಿ ಎದ್ದು ಬಂದರು.

"ಹೋಗ್ಲಿ ಬುಡು, ಅಳಬ್ಯಾಡ" ಅಂದರು ಅತ್ತಿಗೆ. "ಈಗ್ಲಾದ್ರೂ ಬಾಯ್ಬುಟ್ಟಲ್ಲ."

"ಈಗಿನ ಬಸ್ಸಿಗೇ ಬರ್ತೀನಿ ಅತ್ತಿಗೆ."

"ಬಾ. ಏನೂ ತರಬ್ಯಾಡ. ಬರೀ ಕೈಲಿ ಬಾ."