ಸಾವಕಾರರ ರುಮಾಲು ಮತ್ತು ರಾಮದುರ್ಗದ ದಾರಿ

ಕಿತ್ತೂರಿನಿಂದ ಬೆಳಗಿನ ತಂಪಿನಲ್ಲಿ ಹೊರಟೆವು. ಲಾರಿ ನಡೆಸುತ್ತಿದ್ದವನು ನನ್ನ ಕಕ್ಷಿದಾರ ಇಮಾಮಸಾಬ. ಹಿಂದಿನ ತಿಂಗಳು ರಾಮದುರ್ಗದ ಈಚೆ, ಎಡಗಡೆಯ ಹೊಲದ ದಾರಿಯಿಂದ ಬಂದ ಎತ್ತಿನ ಚಕ್ಕಡಿಗೆ ಅವನ ಲಾರಿ ಬಡಿದು, ಸಾಲಹಳ್ಳಿಯ ಯಲ್ಲಪ್ಪನ ಕಾಲು ಮುರಿದಿತ್ತು. ಇಮಾಮಸಾಬ ತೂಕಡಿಸುತ್ತಿದ್ದನೆಂಬುದು ಆರೋಪ. ಸಾಬೀತಾದರೆ ಜೈಲು, ಲೈಸೆನ್ಸೂ ಹೋಗುತ್ತದೆ. ಮರುದಿನವೇ ರಾಮದುರ್ಗದಲ್ಲಿ ವಿಚಾರಣೆ. ವಕೀಲನಾದ ನನ್ನ ಹತ್ತಿರ ಅವನದೊಂದು ಮಾತು ಬಿಟ್ಟರೆ ಬೇರೇನೂ ಇರಲಿಲ್ಲ.

"ನಿದ್ದಿ ಮಾಡಿಲ್ರಿ ಸಾಹೇಬ್ರ. ಚಕ್ಕಡಿ ಕಾಣಲಿಲ್ಲ, ಅಷ್ಟ."

ಬೈಲಹೊಂಗಲದಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆಗಳನ್ನು, ಹೇರುವಷ್ಟರಲ್ಲಿ ಬಿಸಿಲೇರಿತು. ನಮ್ಮ ವಿರುದ್ಧದ ಸಾಕ್ಷಿ, ಹತ್ತಿ ವ್ಯಾಪಾರದ ಬಸಪ್ಪ ಸಾವಕಾರರು ಅಲ್ಲಿಯೇ ಹತ್ತಿದರು. ಅಪಘಾತದ ದಿನ ಡ್ರೈವರನ ಪಕ್ಕದಲ್ಲಿ ಕುಳಿತಿದ್ದವರು ಅವರೇ. ಬೇರೆ ಲಾರಿ ಇರಲಿಲ್ಲವಾಗಿ, ಆರೋಪಿಯ ಲಾರಿಯಲ್ಲೇ ಸಾಕ್ಷಿ ಹೇಳಲು ಹೊರಟರು! ದೊಡ್ಡವರು ಬಂದರೆ ಮುಂದಿನ ಸೀಟು ಬಿಡುವುದು ನಮ್ಮ ಕಡೆಯ ರೂಢಿ. ಎಂಟಾಣೆ ಬಾಡಿಗೆ ಕೊಟ್ಟ ನಾನು ಹೋಗಿ ಅಂಡಿಗೆಗಳ ಮೇಲೆ ಬಿದ್ದುಕೊಂಡೆ. ಸಾವಕಾರರು ತಲೆಗೆ ಸುತ್ತಿದ ಕೇಸರಿ ರುಮಾಲು ಲಾರಿಯ ಚಾವಣಿಗೆ ತಾಗುತ್ತಿತ್ತು.

"ಚಕ್ಕಡಿ ನನಗ ಸ್ವಚ್ಛ ಕಾಣಸ್ತಿತ್ರಿ ವಕೀಲ್ರ" ಎಂದು ದಾರಿಯುದ್ದಕ್ಕೂ ಕೂಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಸುಳ್ಳು ಹೇಳುವ ಮನುಷ್ಯರಲ್ಲ, ನನ್ನ ಹೆದರಿಕೆಯೂ ಅದೇ ಆಗಿತ್ತು.

ಸವದತ್ತಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡೆವು. ಇಮಾಮಸಾಬ ಇಂಜಿನ್ನಿಗೆ ನೀರು ತರಲು ಹೋದ. ಬಿಸಿಲು ತಾಳದೆ ನಾನು ಅವನ ಸೀಟಿನಲ್ಲಿ ಕುಳಿತೆ, ಎಡಕ್ಕೆ ಸಾವಕಾರರು.

"ಮಸರು ಬೇಕೇನ್ರಿ ಅಣ್ಣಾರ?" ಎಂದು ಹೆಣ್ಣುದನಿ ಕೇಳಿತು. ಎಡಕ್ಕೆ ತಿರುಗಿ ನೋಡಿದೆ. ರುಮಾಲು ಬಿಟ್ಟು ಏನೂ ಕಾಣಲಿಲ್ಲ.

"ಇಲ್ಲೇ ನಿಂತಾಳಲ್ರಿ, ಕಾಣವಲ್ಲಳೇನು?" ಎಂದು ಸಾವಕಾರರು ನಕ್ಕರು.

ಅಪಘಾತದ ದಿನ ಇಮಾಮಸಾಬನಿಗೂ ಹೀಗೆಯೇ ರುಮಾಲು ಅಡ್ಡವಾಗಿರಬೇಕೆಂದು ಥಟ್ಟನೆ ಹೊಳೆಯಿತು. ಮೊಸರು ಕೊಂಡೆ. ಆಮೇಲೆ ಇಮಾಮಸಾಬನನ್ನು ಬದಿಗೆ ಕರೆದು, ಇದನ್ನು ಯಾಕೆ ಹೇಳಲಿಲ್ಲವೆಂದು ಗದರಿಸಿದೆ.

"ದೊಡ್ಡವ್ರಿಗೆ ರುಮಾಲ ತಗೀರಿ ಅಂತ ಹ್ಯಾಂಗ ಹೇಳೂದ್ರಿ? ಅವರ ಮಾನ ಅದು" ಎಂದ. ಜೈಲಿಗೆ ಹೋಗಲು ತಯಾರಿದ್ದ ಪುಣ್ಯಾತ್ಮ, ಇಷ್ಟು ಹೇಳಲು ತಯಾರಿರಲಿಲ್ಲ.

ಮರುದಿನ ನನ್ನ ಬೇಡಿಕೆಗೆ ನ್ಯಾಯಾಧೀಶರು ಒಪ್ಪಿ, ಅಪಘಾತದ ಜಾಗಕ್ಕೇ ಬಂದರು. ಅವರನ್ನು ಡ್ರೈವರನ ಸೀಟಿನಲ್ಲಿ ಕೂಡಿಸಿದೆ, ಸಾವಕಾರರನ್ನು ಪಕ್ಕದಲ್ಲಿ, ಅಂದು ಕುಳಿತಿದ್ದ ಜಾಗದಲ್ಲೇ. ಎಡಗಡೆಯ ಹೊಲದಿಂದ ಚಕ್ಕಡಿ ಹೊರಟಿತು.

"ಚಕ್ಕಡಿ ಬಿಡ್ರಿ ಇನ್ನ" ಎಂದರು ನ್ಯಾಯಾಧೀಶರು.

"ಬರಾಕ ಹತ್ತೈತಲ್ರಿ ಸಾಹೇಬ್ರ, ಹತ್ರನ ಬಂತು" ಎಂದರು ಸಾವಕಾರರು.

ಎತ್ತಿನ ಕೋಡು ಲಾರಿಯ ಮೂತಿಯ ಮುಂದೆಯೇ ಮೂಡಿದಾಗ ನ್ಯಾಯಾಧೀಶರು ಬೆಚ್ಚಿಬಿದ್ದರು. ಕೋಲೂರಿ ನಿಂತಿದ್ದ ಯಲ್ಲಪ್ಪ, "ನಾ ಲಾರಿ ನೋಡಿದ್ದೆ. ಲಾರಿಯವನೂ ನನ್ನ ನೋಡ್ಯಾನ ಅಂತ ತಿಳದ್ನಿರಿ" ಎಂದ.

ರುಮಾಲಿಲ್ಲದೆ ಇನ್ನೊಮ್ಮೆ ನೋಡಬೇಕೆಂದು ಕೇಳಿದೆ. ನಾಲ್ಕು ಜನರ ಮುಂದೆ ರುಮಾಲು ತೆಗೆಯುವುದೆಂದರೆ ಸಾಮಾನ್ಯವಲ್ಲ. ಸಾವಕಾರರ ಮುಖ ಕೆಂಪಾಯಿತು. ತಲೆ ತಗ್ಗಿಸಿ ನಿಂತಿದ್ದ ಇಮಾಮಸಾಬನನ್ನು ಒಂದು ಗಳಿಗೆ ನೋಡಿದರು. ಎರಡೂ ಕೈಯಿಂದ ರುಮಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕುತ್ತಿಗೆ ತಗ್ಗಿಸಿ ಕುಳಿತರು. ಚಕ್ಕಡಿ ಇನ್ನೂ ಹೊಲದಲ್ಲಿರುವಾಗಲೇ ನ್ಯಾಯಾಧೀಶರು ಬೆರಳೆತ್ತಿ ತೋರಿಸಿದರು.

ನಾವು ಗೆದ್ದೆವು. ಅಂದು ನನಗಾದ ಖುಷಿ ಇಂದಿಗೂ ಕಡಿಮೆಯಾಗಿಲ್ಲ.

ಮರಳುವಾಗ ಯಲ್ಲಪ್ಪನನ್ನೂ ಹತ್ತಿಸಿಕೊಂಡೆವು. ಮುಂದಿನ ಸೀಟಿನಲ್ಲಿ ಸಾವಕಾರರೇ ಕುಳಿತರು, ಬರಿದಲೆಯಲ್ಲಿ. ಎಡಕ್ಕೆ ಹೊಲದ ದಾರಿ ಬಂದಲ್ಲೆಲ್ಲ ಹೊರಗೆ ಬಗ್ಗಿ ನೋಡಿ, ಹಿಂದೆ ಕುಳಿತ ನಮಗೂ ಕೇಳುವಂತೆ ಕೂಗುತ್ತಿದ್ದರು:

"ಎಡಕ್ಕ ಯಾರೂ ಇಲ್ಲ. ಹೊಡಿ ಇಮಾಮ."