ಎಡಚ ವಿಗ್ರಹಗಳು

ಎರ್ಸೀಲಿಯಾಗೆ ಬೇಕಿದ್ದದ್ದು ಒಂದೇ: ಮ್ಯೂಸಿಯಮ್ಮಿನವರು ತರುತ್ತಿದ್ದ ಶಿಲ್ಪಗಳ ಪುಸ್ತಕದಲ್ಲಿ ತನ್ನ ಹೆಸರು. ಫ್ಲಾರೆನ್ಸಿನ ಆ ಮ್ಯೂಸಿಯಮ್ಮಿನಲ್ಲಿ ಧೂಳು ಹೊಡೆಯುವವಳು ನಾನು. ೧೮೮೪ರಿಂದ ಮೂರು ವರ್ಷ ಅವಳು ಬಿಸಿಲಿಗಾಗಿ ಕಾದು, ಒಂದೊಂದು ವಿಗ್ರಹದ ಫೋಟೋ ತೆಗೆಯುವುದನ್ನು ನೋಡಿದ್ದೇನೆ.

"ಬಿಳಿ ಬಟ್ಟೆ ಸ್ವಲ್ಪ ಮೇಲೆ ಹಿಡಿಯೇ ನುನ್ಸಿಯಾ, ಮೂಗಿಗೆ ಬೆಳಕಿಲ್ಲ" ಎನ್ನುತ್ತಿದ್ದಳು.

"ಕಲ್ಲಿನ ಮೂಗು ತಾನೆ, ನೆಗಡಿ ಆಗಲ್ಲ ಬಿಡು" ಎನ್ನುತ್ತಿದ್ದೆ.

ಫೋಟೋ ಮೊದಲು ಮೂಡುವ ಗಾಜಿನ ಫಲಕದ ಮೂಲೆಯಲ್ಲಿ ಹೆಸರು ಗೀಚುವುದು ಫೋಟೋದವರ ಕಸುಬಿನ ಪದ್ಧತಿ. ಕಾಗದಕ್ಕಿಳಿಯುವಾಗ ಎಡಬಲ ಅದಲುಬದಲಾಗುವುದರಿಂದ ತಿರುಗುಮುರುಗಾಗಿ ಬರೆಯಬೇಕು. ಅವಳಿಗದು ನೀರು ಕುಡಿದಷ್ಟು ಸಲೀಸು. ನನಗೆ ಓದು ಬಾರದು. ಆದರೂ ಫೋಟೋಗಳಲ್ಲಿ ನೋಡಿ ನೋಡಿ ಅವಳ ಹೆಸರಿನ ದಪ್ಪಕ್ಷರಗಳ ಗುರುತು ಹತ್ತಿತ್ತು.

ಫಲಕಗಳನ್ನು ಅಚ್ಚಿಗೆ ಒಯ್ಯಲು ಅವಳು ತಮ್ಮ ತೆಬಾಲ್ದೊನನ್ನು ಕಳಿಸಿದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

"ನೀನೇ ಹೋಗೇ" ಎಂದೆ.

"ನನ್ ತಮ್ಮ ಕಣೇ, ಬೇರೆಯವ್ನಾ?"

ಪುಸ್ತಕ ಬಂತು. ಎರ್ಸೀಲಿಯಾ ಮೊದಲ ಪುಟ ಓದಿ ಪುಸ್ತಕವನ್ನು ನನ್ನ ಕೈಗೆ ತುರುಕಿದಳು. ಫೋಟೋ ತೆಗೆದವನು ತೆಬಾಲ್ದೊ ಎಂದಿತ್ತಂತೆ. ನನಗೆ ಮೈಯೆಲ್ಲ ಉರಿಯಿತು. ಪುಟ ತಿರುವಿದರೆ, ನಾನು ದಿನಾ ಒರೆಸುವ ಬಾಕಸ್ ದೇವರು ಬಟ್ಟಲನ್ನು ಎಡಗೈಯಲ್ಲಿ ಹಿಡಿದಿದ್ದಾನೆ!

"ಇವ್ನು ಯಾವಾಗ ಎಡಚ ಆದ್ನೇ?"

ಅರುವತ್ತು ವಿಗ್ರಹಗಳೂ ಎಡಬಲ ಅದಲುಬದಲಾಗಿದ್ದವು. ಆ ದಡ್ಡ ತಮ್ಮ ಅಕ್ಕನ ಹೆಸರು ಕೆರೆದು ತನ್ನದನ್ನು ನೆಟ್ಟಗೆ ಗೀಚಿದ್ದ. ಅದು ಕಾಗದದಲ್ಲೂ ನೆಟ್ಟಗೆ ಬರಲೆಂದು ಫಲಕಗಳನ್ನೇ ಮಗುಚಿ ಹಾಕಿ ಅಚ್ಚು ತೆಗೆಸಿದ್ದ.

"ಕಳ್ಳ ಸಿಕ್ಕಿಬಿದ್ದ, ನಡಿ!" ಎಂದು ಅವಳನ್ನು ಮ್ಯೂಸಿಯಮ್ಮಿನ ಸಾಹೇಬರ ಬಳಿ ಎಳೆದೊಯ್ದೆ. ಸಾಹೇಬರು ತೆಬಾಲ್ದೊನನ್ನು ಕರೆಸಿದರು.

ಅವನು ಅಕ್ಕನ ಮುಖ ನೋಡಲಿಲ್ಲ. "ಗಾಜು ತೊಳೀತಿದ್ದದ್ದು ಅಕ್ಕ, ಅವ್ಳೇ ಉಲ್ಟಾ ಮಾಡಿರ್ಬೇಕು ಸ್ವಾಮಿ."

"ನಾನಾ, ಮರೀ?" ಎಂದಳು ಎರ್ಸೀಲಿಯಾ.

ಮೂರು ವರ್ಷ ಅವಳ ಕೆಲಸ ಕಣ್ಣಾರೆ ಕಂಡ ಸಾಹೇಬರು ಪುಸ್ತಕ ಮುಚ್ಚಿ ನಮ್ಮನ್ನು ಹೊರಗೆ ಕಳಿಸಿದರು. ಪುಸ್ತಕ ಆಗಲೇ ಮಂತ್ರಿಗಳ ಕೈಸೇರಿತ್ತು, ಕಳ್ಳತನ ಒಪ್ಪಿದರೆ ಸಾಹೇಬರಿಗೇ ಅವಮಾನ.

ಮುಂದಿನ ವಾರ ಮುನ್ನೂರು ಪುಸ್ತಕಗಳಿಗೆ ಒಂದೊಂದು ಚೀಟಿ ಅಂಟಿಸಲು ನನಗೆ ಹೇಳಿದರು. ಚೀಟಿಯಲ್ಲಿ ಅವಳ ಹೆಸರಿನ ಆ ಗುರುತಿನ ಅಕ್ಷರಗಳು! ಸಾಹೇಬರಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡು, ಊಟವನ್ನೂ ಬಿಟ್ಟು ಒಂದೂ ಸೊಟ್ಟಗಾಗದಂತೆ ಅಂಟಿಸಿದೆ. ಉಳಿದ ಒಂದನ್ನು ಹಿಡಿದು ಅವಳ ಮನೆಗೆ ಓಡಿದೆ.

"ನಿನ್ ಹೆಸ್ರು ಬಂತು ಕಣೇ! ಎಲ್ಲಾ ಪುಸ್ತಕದಲ್ಲೂ ನಾನೇ ಅಂಟ್ಸಿದೀನಿ!"

ಅವಳು ಓದಿ ಹೇಳಿದಳು: ಚಿತ್ರಗಳು ಎಡಬಲ ಅದಲುಬದಲಾಗಿರುವುದು ಸಹಾಯಕಿ ಎರ್ಸೀಲಿಯಾಳ ತಪ್ಪು.

ನನ್ನ ಬೆರಳುಗಳಲ್ಲಿ ಅಂಟು ಇನ್ನೂ ಒಣಗಿರಲಿಲ್ಲ.